ಕರಿಮಟ್ಟಿಯ ಧಾಟಿ

ಕರಿಮಟ್ಟಿ
೨ ನವೆಂಬರ್ ೧೯೩೬

ಪ್ರಿಯ ಅಪ್ಪಾ,

ಹಾರ್ಮೋನಿಯಂ ಪೇಟಿ ಒಡೆಯದೆ ಬಂದು ಮುಟ್ಟಿತು. ಹೆಬ್ಬಳ್ಳಿ ದಾಟಿದ ಮೇಲೆ ದಾರಿ ಪೂರ್ತಿ ಎರೆ ಭೂಮಿ. ಕೆಸರು ಒಣಗಿ ಗಾಲಿಯ ಗುರುತುಗಳೆಲ್ಲ ಕಲ್ಲಿನಂತಾಗಿವೆ. ಗಾಡಿ ಕುಲುಕಿದಾಗೆಲ್ಲ ಪೇಟಿ ತನ್ನಷ್ಟಕ್ಕೆ ಒಂದು ಸ್ವರ ಹೊರಡಿಸುತ್ತಿತ್ತು. "ನಿಮ್ಮಪ್ಪಗ ಬರೀ ಕೃಪಾ, ಪೇಟಿ ಹಾದ್ಯಾಗನ ಉಪದೇಶ ಸುರು ಮಾಡೇತಿ, ಊರು ಮುಟ್ಟೂದ್ರಾಗ ಎತ್ತು ಎರಡೂ ಸಭಾ ಸೇರತಾವ" ಎಂದು ಸುವಾರ್ತಮ್ಮ ನಗಿಸಿದರು. ಅವರ ಗಂಡ, ನಮ್ಮ ಮಿಶನ್ನಿನ ಉಪದೇಶಿ ಆನಂದಯ್ಯನವರು, ನಗಲಿಲ್ಲ.

ಚಾವಡಿಯ ಹಿಂದಿನ ಎರಡು ಖೋಲಿ ನಮಗೆ ಕೊಟ್ಟಿದ್ದಾರೆ. ಮೊದಲು ನೋಡಲು ಬಂದವರು ಗುಡ್ಡಪ್ಪನವರು, ಇಲ್ಲಿಯ ಭಜನಾ ಮೇಳದ ಹಿರಿಯರು. ಪೇಟಿಯ ಮುಚ್ಚಳ ತೆಗೆಸಿ ನೋಡಿದರು. "ನೀವು ಅತ್ಲಾಗಿನವರೂ ಅಲ್ಲ, ಇತ್ಲಾಗಿನವರೂ ಅಲ್ಲ. ನಿಮಗ ಯಾರೂ ಹೊಡ್ಯೂದಿಲ್ಲ ಬಿಡ್ರಿ" ಎಂದರು. ಹೊಸ್ತಿಲು ದಾಟುವಾಗ ತಿರುಗಿ, "ನಿಮ್ಮ ಮಾತೂ ಯಾರೂ ಕೇಳೂದಿಲ್ಲ" ಎಂದರು.

ಹೋದ ಶ್ರಾವಣದಲ್ಲಿ ಹಿಂದೂಗಳಿಗೂ ಮುಸಲ್ಮಾನರಿಗೂ ಬಡಿದಾಟವಾಗಿ ಒಬ್ಬ ಸತ್ತ, ಇಬ್ಬರು ಜೇಲಿಗೆ ಹೋದರು ಎಂದಷ್ಟೇ ಮಿಶನ್ನಿನವರು ನಮಗೆ ಹೇಳಿದ್ದರು. ಉಳಿದದ್ದನ್ನು ಗಾಡಿಯವನು ಹೇಳಿದ. ಶ್ರಾವಣದ ಕೊನೆಯ ಸೋಮವಾರ ಮೇಳ ಊರು ಸುತ್ತಿ ಮಸೀದಿಯ ಓಣಿಯಿಂದ ಹಾಯುತ್ತದೆ. ಓಣಿಯ ಬಾಯಿಗೆ ಬೇವಿನ ಗಿಡವಿದೆ. ಅಲ್ಲಿ ತಾಳ, ಮದ್ದಲೆ, ಹಾಡು ಎಲ್ಲವನ್ನೂ ನಿಲ್ಲಿಸಿ ಮಸೀದಿ ದಾಟುವವರೆಗೆ ಸುಮ್ಮನೆ ನಡೆಯುವುದು ಅಜ್ಜ ಮುತ್ತಜ್ಜರ ಕಾಲದ ವಾಡಿಕೆ. ದಾಟಿದ ಕೂಡಲೆ ಇಮಾಮಹುಸೇನರು ಮಸೀದಿಯಿಂದ ಹೊರಗೆ ಬಂದು, ಪದವನ್ನು ನಿಲ್ಲಿಸಿದ ಜಾಗದಿಂದಲೇ ಎತ್ತಿಕೊಡುತ್ತಿದ್ದರಂತೆ. ಅವರು ಹತ್ತಿ ಹಿಂಜುವವರು. ಅಲ್ಲಿಂದ ಗುಡಿಯ ತನಕ ಮುಂದಾಳು ಕಂಠ ಅವರದು. ಮೊಹರಮ್ಮಿನಲ್ಲಿ ಗುಡ್ಡಪ್ಪನವರು ಅವರ ಮೇಳದಲ್ಲಿ ಹಾಡುತ್ತಿದ್ದರು.

ಹೋದ ಶ್ರಾವಣದಲ್ಲಿ ಗಿಡದ ಹತ್ತಿರ ನಿಲ್ಲಿಸಲಿಲ್ಲ. "ಪ್ಯಾಟಿ ಕಡೆಯವರು ಯಾರೋ ಬಂದು ಭಾಷಣಾ ಮಾಡಿದ್ರು. ಯಾಕ ನಿಲ್ಲಸಬೇಕು ಅಂದ್ರು. ಖರೇ ಅನಸ್ತು" ಎಂದ ಗಾಡಿಯವನು. ಸತ್ತವನು ಶಾಬುದ್ದೀನ, ಇಮಾಮಹುಸೇನರಿಗೆ ಒಬ್ಬನೇ ಮಗ. ಜೇಲಿಗೆ ಹೋದವರಲ್ಲಿ ಒಬ್ಬ ಉಡಚಪ್ಪ, ಗುಡ್ಡಪ್ಪನವರ ತಮ್ಮ.

ಆಮೇಲೆ ಮುಸಲ್ಮಾನರ ಮನೆಗಳು ಒಂದೊಂದಾಗಿ ಖಾಲಿಯಾದವು. ಉಳಿದದ್ದು ಇಮಾಮಹುಸೇನರ ಮನೆಯೊಂದೇ. ಅವರೂ ಹೋದರೆ ಮಸೀದಿಗೆ ದೀಪ ಹಚ್ಚುವವರಿಲ್ಲ. ಅವರನ್ನು ಉಳಿಸಿಕೊಳ್ಳುವುದಕ್ಕೇ ನಾವು ಬಂದದ್ದು ಎಂದು ನನಗನ್ನಿಸುತ್ತದೆ. ಆನಂದಯ್ಯನವರಿಗೆ ಏನನ್ನಿಸುತ್ತದೋ ಕೇಳಿಲ್ಲ.

ನಿನ್ನೆ ಸಾಯಂಕಾಲ ಚಾವಡಿಯ ಕಟ್ಟೆಯ ಮೇಲೆ ನಮ್ಮ ಆರಾಧನೆಯ ಹಾಡು ಹಾಡಿದೆವು. ಆ ವಿಲಾಯಿತಿ ರಾಗ ಕೇಳಿ ನೀರು ಹೊತ್ತು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, "ಯಾರ ಸತ್ತಾರವಾ?" ಎಂದು ಕೇಳಿದಳು.

ನಿಮ್ಮ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿರಿ.

ನಿಮ್ಮ ಮಗಳು,
ಕೃಪಾ


ಹುಬ್ಬಳ್ಳಿ
೧೧ ನವೆಂಬರ್ ೧೯೩೬

ಪ್ರಿಯ ಕೃಪಾ,

ಆ ಮುದುಕಿ ಕೇಳಿದ್ದು ಸರಿಯಾಗಿಯೇ ಇದೆ. ಮೂವತ್ತು ವರ್ಷ ಸಭೆಗೆ ಹಾಡು ಕಲಿಸಿ ನಾನು ತಿಳಿದುಕೊಂಡದ್ದೂ ಅದನ್ನೇ. ನಿನ್ನ ಅಜ್ಜಿ ಸಭೆ ಸೇರಿ ಹತ್ತು ವರ್ಷವಾದರೂ ಹಾಡುವಾಗ ಬಾಯಿ ಬಿಡುತ್ತಿರಲಿಲ್ಲ. ಅವಳು ಬೀಸುವಾಗ ಹಾಡುತ್ತಿದ್ದ ಧಾಟಿಗೆ ನಾನು ಕೀರ್ತನೆಯ ಮಾತು ಕೂಡಿಸಿದ ಭಾನುವಾರ ನಡುಸಭೆಯಲ್ಲಿ ಎದ್ದು ನಿಂತು ಹಾಡಿದಳು. ಪಾದ್ರಿಯವರು ಉಪದೇಶ ನಿಲ್ಲಿಸಬೇಕಾಯಿತು.

ಪ್ರತಿ ಊರಿಗೂ ಎಲ್ಲರ ಬಾಯಲ್ಲಿರುವ ಒಂದು ಧಾಟಿ ಇರುತ್ತದೆ. ಹೆಣ್ಣುಮಕ್ಕಳ ಹತ್ತಿರ ಕೂತರೆ ಸಿಗುತ್ತದೆ. ಅದನ್ನು ತೆಗೆದುಕೋ, ಮಾತು ನೀನೇ ಬರೆ. ಸಾಹಿತ್ಯ ಓದಿ ಬಿ.ಎ. ಆದವಳಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಜಗಳವಾಡಿದವರು ಒಂದೇ ಧಾಟಿಯಲ್ಲಿ ಬಾಯಿ ತೆರೆದರೆ ಅರ್ಧ ಕೆಲಸ ಮುಗಿದಂತೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು. ನೀನು ಎಲ್ಲವನ್ನೂ ನೋಡುತ್ತೀಯೆ, ಯಾರನ್ನೂ ಕೇಳುವುದಿಲ್ಲ. ಚಿಕ್ಕಂದಿನಿಂದ ಹಾಗೆಯೇ. ಅಲ್ಲಿ ಸ್ವಲ್ಪ ಬಾಯಿ ಬಿಡು.

ಪ್ರಭುವಿನ ಕೈ ನಿನ್ನ ಮೇಲಿರಲಿ.

ನಿನ್ನ ಅಪ್ಪ,
ಸಾಲೊಮೋನ


ಕರಿಮಟ್ಟಿ
೨೯ ನವೆಂಬರ್ ೧೯೩೬

ಪ್ರಿಯ ಅಪ್ಪಾ,

ಇಮಾಮಹುಸೇನರ ಮನೆಗೆ ಹೋಗಿ ಬರುತ್ತಿದ್ದೇನೆ. ಮೊದಲ ಸಲ ಅವರ ಹೆಂಡತಿ ಮಾಬೂಬಿ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಈಗ ಒಳಗೆ ಕರೆಯುತ್ತಾರೆ. ಮುದುಕರು ಹಿಂಜುವ ಬಿಲ್ಲಿನ ಮುಂದೆ ಕೂತಿರುತ್ತಾರೆ. ಹತ್ತಿ ತರುವವರು ಯಾರೂ ಇಲ್ಲ, ತಮ್ಮ ಗಾದಿಯ ಹಳೆಯ ಹತ್ತಿಯನ್ನೇ ತೆಗೆದು ಮತ್ತೆ ಹಿಂಜುತ್ತಾರೆ. ಅವರು ಈಗ ಹಾಡುವುದಿಲ್ಲ ಎಂದು ಊರವರು ಹೇಳಿದ್ದರು. ನಿಮ್ಮ ಮಾತು ನೆನೆದು ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಎತ್ತಿಕೊಡೂದು ನನ್ನ ಕೆಲಸಿತ್ತವಾ" ಎಂದರು. "ನಿಲ್ಲಸವರಿದ್ರ ಎತ್ತಿಕೊಡೂದು. ನಿಲ್ಲಸೂದ ಇಲ್ಲಂದ ಮ್ಯಾಲೆ ನಾ ಏನ ಎತ್ತಲಿ?"

ಹುಬ್ಬಳ್ಳಿಯಲ್ಲಿ ಮಾಬೂಬಿಯ ತಮ್ಮನ ಅಂಗಡಿಯಿದೆಯಂತೆ, ಬಂದುಬಿಡಿರೆಂದು ಮೇಲಿಂದ ಮೇಲೆ ಹೇಳಿ ಕಳಿಸುತ್ತಿದ್ದಾನೆ. "ಇವರು ಮುಂಜಾನಿ ಹೊಂಟೇನಿ ಅಂತಾರ, ಸಂಜಿಕ ಮಸೂತಿ ದೀಪಾ ಯಾರ ಹಚ್ಚತಾರ ಅಂತ ಕುಂಡ್ರತಾರ" ಎಂದು ಮಾಬೂಬಿ ಹೇಳಿದರು. "ನಮ್ಮ ಗಂಟು ಕಟ್ಟೇ ಅದಾವ. ಅಡಗಿ ಮಾಡಾಕ ಒಂದ ಗಡಿಗಿ ಹೊರಗಿಟ್ಟೇನಿ."

ನಮ್ಮ ಕ್ರಿಸ್ಮಸ್ ಹಬ್ಬದ ತನಕ ಇದ್ದು ಅಂದಿನ ಹಾಡಿಗೆ ಬರಬೇಕೆಂದು ಬೇಡಿಕೊಂಡೆ. ಇಮಾಮಹುಸೇನರು ಬಹಳ ಹೊತ್ತು ಬಿಲ್ಲಿನ ನರವನ್ನು ಸವರುತ್ತಿದ್ದರು. "ಗುಡ್ಡಪ್ಪ ಬರತಾನೇನು?" ಎಂದರು. "ಅಂವ ಬಂದು ನನ್ನ ಬಾಜೂಕ ಕುಂತರ ನಾ ಹೋಗೂದಿಲ್ಲ. ಗಂಟು ಬಿಚ್ಚತೇನಿ. ಇಷ್ಟ ಹೇಳವಾ ಅವಗ."

ಗುಡ್ಡಪ್ಪನವರಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ಹಚ್ಚುತ್ತಲೇ ಇದ್ದರು. "ಬರತೇನ್ರಿ. ಬಾಜೂಕ ಕುಂಡ್ರತೇನಿ. ಮಾತಾಡು ಅಂತ ಮಾತ್ರ ಅನಬ್ಯಾಡ್ರಿ" ಎಂದರು. ಅಪ್ಪಾ, ಆ ಸಂಜೆ ಚಾವಡಿಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಧಾಟಿಯೂ ಸಿಕ್ಕಿತು. ಗುಡ್ಡಪ್ಪನವರ ತಾಯಿ ದೇವಕ್ಕನ ಹತ್ತಿರ ಕೂತು ಕೇಳಿದೆ. ಜೋಳ ಹಸನು ಮಾಡುತ್ತಿದ್ದ ಮುದುಕಿ ಮೊರ ಕೆಳಗಿಟ್ಟು, ಕಣ್ಣು ಮುಚ್ಚಿ, ಒಂದು ಪದದ ಧಾಟಿಯನ್ನು ಬರಿಯ ಆಲಾಪದಲ್ಲಿ ಹಾಡಿ ತೋರಿಸಿದಳು. ಮಾತು ಹೇಳಲಿಲ್ಲ. "ಇದನ್ನ ಹಾಡು. ಕೂಸಿನಿಂದ ಹಿಡದು ಮುದುಕರ ತನಕ ಇಡೀ ಊರಿಗೆ ಬರತೈತಿ" ಎಂದಳು. ಎಂಥ ಧಾಟಿ ಅಪ್ಪಾ ಅದು. ಏರುವಾಗ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ, ಇಳಿಯುವಾಗ ಯಾರೋ ಕೈ ಹಿಡಿದು ಇಳಿಸಿದ ಹಾಗಿದೆ. ಒಳಗೆ ಬೀಸುತ್ತಿದ್ದ ಉಡಚಪ್ಪನ ಹೆಂಡತಿ ರುಕ್ಮವ್ವ ಬೀಸುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನನ್ನ ಮುಖವನ್ನೇ ನೋಡಿದಳು. ಅತ್ತೆ ತಿರುಗಿದ ಕೂಡಲೆ ಒಳಗೆ ಹೋದಳು. ಏನೆಂದು ಕೇಳಬೇಕೆಂದುಕೊಂಡೆ. ಗಂಡ ನೆನಪಾಗಿರಬೇಕು ಎಂದುಕೊಂಡು ಸುಮ್ಮನಾದೆ.

ಮಾತು ಬರೆದಿದ್ದೇನೆ:

ಕದವ ತೆರೆಯಿರಿ, ಬಾಗಿಲಿಗೆ ಬಂದಾನ,
ಸಮಾಧಾನದ ಅರಸ ಬಂದಾನ.

ಹೇಗಿದೆ ಹೇಳಿರಿ.

ನಿಮ್ಮ
ಕೃಪಾ


ಕರಿಮಟ್ಟಿ
೨೭ ಡಿಸೆಂಬರ್ ೧೯೩೬

ಪ್ರಿಯ ಅಪ್ಪಾ,

ಆನಂದಯ್ಯನವರ ವರದಿ ಈ ಪತ್ರಕ್ಕಿಂತ ಮೊದಲು ಹುಬ್ಬಳ್ಳಿಗೆ ಮುಟ್ಟಬಹುದು. ಅದನ್ನು ನೀವು ನಂಬಬಾರದು. ಆದರೆ ಅದರಲ್ಲಿ ಸುಳ್ಳೇನೂ ಇರುವುದಿಲ್ಲ.

ಹಬ್ಬದ ಸಂಜೆ ಚಾವಡಿಯ ಕಟ್ಟೆಗೆ ಇಬ್ಬರೂ ಬಂದರು. ಇಮಾಮಹುಸೇನರು ಒಗೆದ ಅಂಗಿ ಹಾಕಿದ್ದರು, ಮಾಬೂಬಿ ಹೆಂಗಸರ ಕಡೆ ಸುವಾರ್ತಮ್ಮನ ಬದಿಗೆ ಕೂತರು. ಗುಡ್ಡಪ್ಪನವರು ಕಂಬಳಿಯ ಮಡಿಕೆ ಬಿಡಿಸಿ ಮುದುಕರಿಗೆ ಜಾಗ ಮಾಡಿಕೊಟ್ಟು ತಾವು ಪಕ್ಕದಲ್ಲಿ ಕೂತರು. ಅವರಿಬ್ಬರ ಮೊಣಕಾಲು ತಾಗಿದ್ದವು, ಯಾರೂ ಸರಿಸಿಕೊಳ್ಳಲಿಲ್ಲ. ನಾನು ಅದನ್ನೇ ನೋಡುತ್ತ ಪೇಟಿಯ ಮುಂದೆ ಕೂತೆ.

ನನ್ನ ಹೊಸ ಹಾಡಿನ ಪಲ್ಲವಿ ಮುಗಿಯುವುದರೊಳಗೆ ಮೇಳದ ಗಂಡಸರು ತಲೆ ಎತ್ತಿದರು. ಹಿಂದಿನಿಂದ ಯಾರೋ ಕೈತಾಳ ಹಾಕಿದರು. ನನ್ನ ಮಾತು ಅವರಿಗೆ ಬರುವುದಿಲ್ಲವಲ್ಲ, ತಮ್ಮ ಹಳೆಯ ಪದವನ್ನೇ ಹಾಡಿದರು. ಒಬ್ಬರು, ನಾಲ್ವರು, ಆಮೇಲೆ ಇಡೀ ಕಟ್ಟೆ. ಅಪ್ಪಾ, ಬರೆಯಲು ನಾಚಿಕೆಯಾಗುತ್ತದೆ, ನನಗೆ ಸಂತೋಷವಾಯಿತು. ನೀವು ಹೇಳಿದಂತೆಯೇ ಆಯಿತೆಂದುಕೊಂಡು ಇನ್ನಷ್ಟು ಜೋರಾಗಿ ಬಾರಿಸಿದೆ.

ಕಣ್ಣೆತ್ತಿದಾಗ ಇಮಾಮಹುಸೇನರ ಜಾಗ ಖಾಲಿಯಿತ್ತು. ಮಾಬೂಬಿಯೂ ಇರಲಿಲ್ಲ. ಗುಡ್ಡಪ್ಪನವರು ನೆಲ ನೋಡುತ್ತ ಕೂತಿದ್ದರು. ಸುತ್ತಲಿನವರು ಅವರ ಕಡೆಗೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರೂ ಹಾಡಿದರು.

ಮರುದಿನ ಬಾವಿಯ ಹತ್ತಿರ ರುಕ್ಮವ್ವ ಹೇಳಿದಳು. "ಅವತ್ತ ಮಸೂತಿ ಮುಂದ ನಿಲ್ಲಸಲಾರದ ಪದಾ ಅದ ಅಲ್ರಿ ಅಕ್ಕಾರ. ಅದನ್ನ ಹಾಡಕೋತನ ಆ ಹುಡುಗನ್ನ ಹೊಡದ್ರು. ನಿಮಗ ಗೊತ್ತಿದ್ದ ಹಾಡಸಾಕತ್ತೀರಿ ಅಂತ ಇಮಾಮಹುಸೇನರು ತಿಳದಾರ."

"ನೀನು ಹೇಳಬಾರದಿತ್ತೇನ ರುಕ್ಮವ್ವಾ?"

"ಅತ್ತಿ ಮುಂದ ಹ್ಯಾಂಗ ಹೇಳಲಿ? ಬಾಗಲದಾಗ ಬಂದು ನಿಂತೆ. ನೀವು ಏನಾತು ಅಂತ ಒಂದ ಮಾತು ಕೇಳಲಿಲ್ಲ."

ಇಮಾಮಹುಸೇನರ ಬಾಗಿಲಿಗೆ ಎರಡು ಸಲ ಹೋದೆ. ಒಳಗೆ ಬಿಲ್ಲಿನ ಸಪ್ಪಳವಿತ್ತು. ಬಾಗಿಲು ತೆರೆಯಲಿಲ್ಲ.

ಆನಂದಯ್ಯನವರಿಗೆ ಎಲ್ಲವನ್ನೂ ತಿಳಿಸಿದೆ. ವರದಿ ಆಗಲೇ ಬರೆದಾಗಿತ್ತು. "ಇಡೀ ಊರು ಒಂದ ದನಿಯಾಗ ಹಾಡಿದ್ದನ್ನ ನೀನೂ ಕೇಳಿದಿ. ನಾನೂ ಕೇಳೇನಿ. ಅದನ್ನ ನಾ ಬರಿಬಾರದೇನು?" ಎಂದರು. ಸುವಾರ್ತಮ್ಮ ಎದ್ದು ಒಲೆಯ ಕಡೆಗೆ ಹೋದರು. ಅವರು ಆ ದಿನ ಯಾರನ್ನೂ ನಗಿಸಲಿಲ್ಲ.

ಕೃಪಾ


ಹುಬ್ಬಳ್ಳಿ
೧೭ ಜನವರಿ ೧೯೩೭

ಪ್ರಿಯ ಕೃಪಾ,

ನಿನ್ನ ಪತ್ರ ಮುಟ್ಟಿತು. ಬರೆಯಲು ಕೂತು ಎದ್ದೆ.

ಕಳೆದ ಭಾನುವಾರ ಆನಂದಯ್ಯನವರ ವರದಿಯನ್ನು ಸಭೆಯಲ್ಲಿ ಓದಿದರು. ಎಲ್ಲರೂ ಎದ್ದು ಸ್ತೋತ್ರ ಹೇಳಿದರು. ಊರ ಧಾಟಿಯಲ್ಲಿ ಹಾಡಿಸಿದ್ದು ಸಾಲೊಮೋನ ಮಾಸ್ತರರ ಮಗಳು ಎಂದು ಪಾದ್ರಿಯವರು ನನ್ನ ಕಡೆ ಕೈ ಮಾಡಿದರು. ನಾನು ಕೂತೇ ಇದ್ದೆ. ಮೊಣಕಾಲು ನೋವೆಂದು ತಿಳಿದುಕೊಂಡರು.

ಇಲ್ಲಿ ಚಳಿ ಹೆಚ್ಚು. ನಿನ್ನ ಶಾಲು ಕಳಿಸುತ್ತಿದ್ದೇನೆ.

ನಿನ್ನ ಅಪ್ಪ


ಕರಿಮಟ್ಟಿ
೪ ಫೆಬ್ರುವರಿ ೧೯೩೭

ಪ್ರಿಯ ಅಪ್ಪಾ,

ಶಾಲು ಬಂತು.

ಇಮಾಮಹುಸೇನರು ನಿನ್ನೆ ಹೋದರು. ಗಾಡಿ ನಮ್ಮ ಚಾವಡಿಯ ಮುಂದೆಯೇ ಹಾಯಬೇಕಿತ್ತು. ನಾನು ದಾರಿಗೆ ಬಂದು ನಿಂತೆ. ನನಗೆ ಗೊತ್ತಿರಲಿಲ್ಲ ಎಂದು ಹೇಳುವುದಕ್ಕೆ ಎಷ್ಟೋ ದಿನದಿಂದ ಮಾತು ಕೂಡಿಸಿಕೊಂಡಿದ್ದೆ. ಗಾಡಿ ನಿಂತಾಗ ಅಳು ಬಂತು. ಅವರೇ, "ನಿನಗ ಗೊತ್ತಿರಲಿಲ್ಲ ಅಂತ ರುಕ್ಮವ್ವ ಬಂದು ಹೇಳ್ಯಾಳವಾ. ನೀ ಅಳಬ್ಯಾಡ" ಎಂದರು.

"ಹಂಗಿದ್ರ ಇರ್ರಿ ಅಜ್ಜಾ" ಎಂದೆ.

"ನಿನಗ ಗೊತ್ತಿರಲಿಲ್ಲ. ಕೂಡಿ ಹಾಡಿದವರಿಗೆ ಗೊತ್ತಿತ್ತಲ್ಲ" ಎಂದರು. ಮಾಬೂಬಿ ನನ್ನ ಕಡೆ ನೋಡದೆ ಗಾಡಿಯವನಿಗೆ ಹೊಡಿ ಎಂದರು.

ದೇವಕ್ಕನನ್ನು ಈ ಸಲ ಕೇಳಿದೆ, ಯಾಕೆ ಹಾಗೆ ಮಾಡಿದೆ ಎಂದು. ಮುದುಕಿಗೆ ಸಿಟ್ಟು ಬರಲಿಲ್ಲ. "ಊರ ಧಾಟಿ ಕೇಳಿದಿ. ಹೇಳಿದೆ. ನಮ್ಮ ಊರಿಗೆ ಈಗ ಅದ ಒಂದ ಉಳದೈತಿ" ಎಂದಳು. ಮೊರ ಎತ್ತಿಕೊಳ್ಳುತ್ತ, "ನನ್ನ ಮಗನೂ ಮನ್ಯಾಗಿಲ್ಲ" ಎಂದಳು.

ಮಿಶನ್ನಿನವರು ನಮ್ಮನ್ನು ಇನ್ನೊಂದು ವರ್ಷ ಇಲ್ಲಿಯೇ ಇರಲು ಹೇಳಿದ್ದಾರೆ. ಒಳ್ಳೆಯ ಕೆಲಸವಾಗುತ್ತಿದೆಯಂತೆ.

ಕೃಪಾ


ಹುಬ್ಬಳ್ಳಿ
೧೮ ಜುಲೈ ೧೯೩೭

ಪ್ರಿಯ ಕೃಪಾ,

ಇಮಾಮಹುಸೇನರನ್ನು ಹುಡುಕಿಕೊಂಡು ಹೋಗಿ ಬಂದೆ. ನಿನಗೆ ಮೊದಲೇ ತಿಳಿಸಲಿಲ್ಲ, ಹೋಗುತ್ತೇನೋ ಇಲ್ಲವೋ ನನಗೇ ನಂಬಿಕೆಯಿರಲಿಲ್ಲ.

ಗಾದಿ ಹೊಲಿಯುವವರ ಓಣಿಯಲ್ಲಿ ಅವರ ಮೈದುನನ ಅಂಗಡಿ. ಕೆಲಸ ಬೇಕಾದಷ್ಟಿದೆ. ಮುದುಕರ ಹುಬ್ಬು, ಗಡ್ಡ ಎಲ್ಲ ಹತ್ತಿಯ ಎಳೆ. ನಾನು ಯಾರೆಂದು ಹೇಳಿದ ಮೇಲೆ ಬಿಲ್ಲು ಕೆಳಗಿಟ್ಟು ಚಹಾ ತರಿಸಿದರು. "ನಿಮ್ಮ ಮಗಳ ಕೈ ಪೇಟಿ ಮ್ಯಾಲೆ ಛಲೋ ಆಡತೈತ್ರಿ ಮಾಸ್ತರ" ಎಂದರು. ಹಾಡಿನ ವಿಷಯ ಅಷ್ಟೇ. ಧಾಟಿ ತೆಗೆದುಕೋ ಎಂದು ನಿನಗೆ ಬರೆದವನು ನಾನೇ ಎಂದು ಹೇಳಬೇಕೆಂದು ಹೋಗಿದ್ದೆ. ಹೇಳಿದೆ. "ಹೌದೇನ್ರಿ" ಎಂದು ಚಹಾ ಕುಡಿದರು.

ಏಳುವಾಗ ಅವರೇ ಮಾತು ತೆಗೆದರು. "ಈ ಶ್ರಾವಣದಾಗ ಮೇಳಾ ಗಿಡದ ಹತ್ರ ನಿಲ್ಲಸಿದ್ರು ಅಂದ್ರ ನನಗೊಂದು ಮಾತು ಮುಟ್ಟಸ್ರಿ. ಮಸೂತಿ ಕೀಲಿಕೈ ನನ್ನ ಕಡೇನ ಐತಿ. ಮರುದಿನಾನ ಬರತೇನಿ. ನಿಲ್ಲಸಲಿಲ್ಲಂದ್ರ ಈ ಮುದುಕಿಗೆ ಇಲ್ಲೇ ಒಂದು ಮನಿ ನೋಡಬೇಕು. ಆಕಿ ಇನ್ನೂ ಗಂಟು ಬಿಚ್ಚಿಲ್ಲ."

ಗುಡ್ಡಪ್ಪನವರಿಗೆ ಹೇಳಿ ನೋಡು. ಕೇಳುವುದರಲ್ಲಿ ಹಿಂದೆ ಬೀಳಬೇಡ.

ಈಗ ಭಾನುವಾರ ಸಭೆಯಲ್ಲಿ ಪೇಟಿ ಬೇರೊಬ್ಬರು ಬಾರಿಸುತ್ತಾರೆ. ಬೆರಳು ಗಂಟು ಕಟ್ಟಿವೆ ಎಂದು ಹೇಳಿದ್ದೇನೆ.

ಏನೇ ಆಗಲಿ, ಎಲ್ಲವನ್ನೂ ತಪ್ಪದೆ ಬರೆ. ಅವರು ಕಾಯುತ್ತಾರೆ.

ನಿನ್ನ ಅಪ್ಪ


ಕರಿಮಟ್ಟಿ
೩೧ ಆಗಸ್ಟ್ ೧೯೩೭

ಪ್ರಿಯ ಅಪ್ಪಾ,

ಗುಡ್ಡಪ್ಪನವರನ್ನು ಕೇಳಿದೆ. ಒಂದು ಸಲ ಅಲ್ಲ, ಶ್ರಾವಣ ಹತ್ತಿದಾಗಿನಿಂದ ಕೇಳುತ್ತಲೇ ಇದ್ದೆ. ಹೊಲಕ್ಕೆ ಹೋಗುವಾಗ, ಬರುವಾಗ, ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ. ನನ್ನನ್ನು ಕಂಡರೆ ದಾರಿ ತಪ್ಪಿಸಿ ಹೋಗುವಂತಾದರು. ಕಡೆಗೆ ನಿಂತು ಮಾತಾಡಿದರು.

"ನಾ ನಿಲ್ಲಸಂದ್ರ ನಿಲ್ಲಸತಾರಂತ ತಿಳದೀರೇನ್ರಿ ಅಕ್ಕಾರ? ಮಸೂತಿಗೆ ಕೀಲಿ ಬಿದ್ದೈತಿ, ಒಳಗ ಯಾರದಾರಂತ ನಿಲ್ಲಸೂದು ಅಂತಾರ. ಏನ್ ಹೇಳಲಿ?"

"ನಿಲ್ಲಸಿದ್ರ ಅವರು ತಿರುಗಿ ಬರತಾರ ಅಂತ ಹೇಳ್ರಿ."

"ಬಂದ ಮ್ಯಾಲೆ ನಿಲ್ಲಸೂಣಂತಾರ."

ಆಮೇಲೆ ಅವರು ನನಗೆ ಸಮಾಧಾನ ಹೇಳುವ ದನಿಯಲ್ಲಿ, "ಹಳೀ ಪದಾ ಈ ಸಲ ಬ್ಯಾಡ ಅಂದೇನ್ರಿ. ಅದನ್ನ ಕೇಳಿದ್ರ ನನಗೂ ಆ ಹುಡುಗನ ನೆನಪಾಗತೈತಿ. ನಿಮ್ಮ ಪದಾನ ಹಾಡೂಣು, ಮಾತು ಛಲೋ ಅದಾವು ಅಂದೆ. ಒಪ್ಪ್ಯಾರ. ನೀವೂ ಪೇಟಿ ತಗೊಂಡು ಬರ್ರಿ" ಎಂದರು. ನನಗಾಗಿ ತಮ್ಮ ಕೈಲಾದಷ್ಟು ಮಾಡಿದ್ದೇನೆಂದು ಅವರು ನಿಜವಾಗಿಯೂ ತಿಳಿದಿದ್ದರು. ಆ ಮುಖ ನೋಡಿ ನಾನು ಬೇಡವೆಂದೂ ಅನ್ನಲಿಲ್ಲ.

ಪೇಟಿ ಒಯ್ಯಲಿಲ್ಲ. ಆನಂದಯ್ಯನವರು ಒಯ್ದರು. ಅದನ್ನು ಕೊರಳಿಗೆ ಕಟ್ಟಿಕೊಂಡು ಬಾರಿಸಲು ಮೇಳದವನೊಬ್ಬ ಕಲಿತಿದ್ದಾನೆ.

ನಿನ್ನೆ ಸಂಜೆ ಮೇಳ ಬರುವ ಮೊದಲೇ ಹೋಗಿ ಮಸೀದಿಯ ಮುಂದೆ ಓಣಿಯ ನಟ್ಟನಡುವೆ ನಿಂತೆ. ಎಂದೂ ಹಾಗೆ ನಾಲ್ಕು ಜನರೆದುರು ನಿಂತವಳಲ್ಲ ನಾನು, ನಿಮಗೇ ಗೊತ್ತು. ರುಕ್ಮವ್ವ ತನ್ನ ಬಾಗಿಲಿನಿಂದ ಕಂಡು ಬಂದು ನನ್ನ ಹತ್ತಿರ ನಿಂತಳು. ಗಂಡ ಜೇಲಿನಲ್ಲಿರುವ ಹೆಣ್ಣುಮಗಳು. ದೇವಕ್ಕ ಆಕೆಯನ್ನು ಕೈ ಹಿಡಿದು ಎಳೆದುಕೊಂಡು ಹೋದಳು.

ಗಿಡದ ಹತ್ತಿರ ಬಂದಾಗ ತಾಳ ಒಂದು ಗಳಿಗೆ ತಡೆಯಿತು. ಗುಡ್ಡಪ್ಪನವರೇ ತಡೆದರು, ನಾನು ಕಂಡೆ. ಅವರ ಕೈ ಮೇಲೆಯೇ ಉಳಿಯಿತು. ಹಿಂದಿನವರು ತಡೆಯಲಿಲ್ಲ. ಹಾಡು ಅವರ ಬೆನ್ನಿಗೆ ಬಂದು ಹಾಯ್ದಿತು, ಅವರೂ ಅದರ ಕೂಡ ಬಂದರು.

ನನ್ನನ್ನು ಯಾರೂ ತಳ್ಳಲಿಲ್ಲ ಅಪ್ಪಾ. ಬೈಯಲಿಲ್ಲ. "ಸ್ವಲ್ಪ ಸರೀರಿ ಅಕ್ಕಾರ" ಎಂದರು ಒಬ್ಬರು. ನಾನು ಸರಿಯಲಿಲ್ಲ. ಆಗ ಮೇಳ ನನ್ನ ಎರಡೂ ಬದಿಗೆ ಒಡೆದು ನಡೆಯಿತು. ಮೈಗೆ ಮೈ ತಾಗದಂತೆ, ಹೆಣ್ಣುಮಗಳೆಂದು ಮರ್ಯಾದೆಯಿಂದ. ಕೀಲಿ ಬಿದ್ದ ಬಾಗಿಲ ಮುಂದೆ ಕದವ ತೆರೆಯಿರಿ ಎಂದು ಹಾಡುತ್ತ, ನನ್ನನ್ನು ದಾಟಿ, ಮತ್ತೆ ಒಂದಾಗಿ ಮುಂದೆ ಹೋದರು. ಹಾಡು ಒಮ್ಮೆಯೂ ಕಡಿಯಲಿಲ್ಲ.

ಇಮಾಮಹುಸೇನರಿಗೆ ಮನೆ ನೋಡಲು ಹೇಳಿರಿ. ನಿಲ್ಲಿಸಲಿಲ್ಲ ಎಂದಷ್ಟು ಹೇಳಿರಿ. ಯಾವ ಪದವೆಂದು ಅವರು ಕೇಳುವುದಿಲ್ಲ, ಕೇಳಿದರೆ ಹೇಳಬೇಡಿರಿ.

ನೀವು ಎಲ್ಲವನ್ನೂ ಬರೆಯಬೇಕೆಂದಿದ್ದಿರಿ, ಅದಕ್ಕಾಗಿ ಇದನ್ನೂ ಬರೆಯುತ್ತೇನೆ. ನನ್ನ ಒಂದು ಮಾತನ್ನೂ ಅವರು ತಪ್ಪಲಿಲ್ಲ. ಸ್ವರವೂ ಎಲ್ಲಿಯೂ ಜಾರಲಿಲ್ಲ. ನಮ್ಮ ಸಭೆಯಲ್ಲಿ ನಾನು ಹುಟ್ಟಿದಾಗಿನಿಂದ ಯಾರೂ ಅಷ್ಟು ಚೆನ್ನಾಗಿ ಹಾಡಿದ್ದನ್ನು ಕೇಳಿಲ್ಲ.

ನಿಮ್ಮ ಮಗಳು,
ಕೃಪಾ